ಹಳೇ ಫೋಟೊದ ಜಾಗದಲ್ಲೇ ನಿಂತು ಊರು ಓದುವುದು ಹೇಗೆ?

ಹಳೇ ಬೆಂಗಳೂರಿನ ಫೋಟೊ ಪಕ್ಕ ಈಗಿನದೊಂದು ಅಂಟಿಸಿ ‘ಅಂದು–ಇಂದು’ ಎನ್ನುವವರಿಗೆ ಬರವಿಲ್ಲ. ಜನ ಮತ್ತು ಅವರ ಜಾಗಗಳ ನಂಟನ್ನು ಓದುವ ಮಾನವ ಭೂಗೋಳದ ಪ್ರಾಜೆಕ್ಟುಗಳಲ್ಲೂ ಅದೇ ಪಾಡು. ಒಂದು ಫೋಟೊ ರಸ್ತೆಯ ಆ ಬದಿಯಿಂದ, ಇನ್ನೊಂದು ಈ ಬದಿಯಿಂದ ತೆಗೆದದ್ದಾದರೆ ರಸ್ತೆ ಅಗಲವಾಯಿತೋ ಕಿರಿದಾಯಿತೋ ಹೇಳುವುದಾದರೂ ಹೇಗೆ?

ಹಳೇ ಫೋಟೊ ತೆಗೆದ ಜಾಗದಲ್ಲೇ ನಿಂತು ಹೊಸದನ್ನು ತೆಗೆಯಬೇಕು. ಅದಕ್ಕೆ ಮೊದಲು ಹಳೆಯದರ ಒಳ್ಳೆಯ ಪ್ರತಿ ಹುಡುಕಿ. ವಾಟ್ಸ್‌ಆ್ಯಪ್‌ನ ಬಣ್ಣ ಹಚ್ಚಿದ ಪ್ರತಿ ಬೇಡವೇ ಬೇಡ. ಇಲ್ಲದ ಕಿಟಕಿಯೂ ಅದರಲ್ಲಿ ಹುಟ್ಟಿರಬಹುದು. ಎಡಬಲ ತಿರುಗಿದ ಪ್ರತಿಗಳೂ ಉಂಟು, ಅಂಗಡಿ ಬೋರ್ಡಿನ ಅಕ್ಷರ ನೋಡಿ. ಕಾಲ ಗೊತ್ತುಮಾಡಲು ಕಟ್ಟಡಗಳೇ ಸಾಕು: ವಿಧಾನಸೌಧ ಪೂರ್ಣವಾಗಿದ್ದು 1956ರಲ್ಲಿ, ಎಂ.ಜಿ. ರಸ್ತೆಗೆ ಮೆಟ್ರೊ ಬಂದಿದ್ದು 2011ರಲ್ಲಿ.

ಎಡವುವುದೆಲ್ಲ ನಿಲ್ಲುವ ಜಾಗ ಹುಡುಕುವಾಗ. ಹತ್ತಿರದ್ದೊಂದು, ದೂರದ್ದೊಂದು ವಸ್ತು ಆರಿಸಿಕೊಳ್ಳಿ. ಶಿವಾಜಿನಗರದ ಚಿತ್ರದಲ್ಲಿ ಎಡಗಡೆ ರಸೆಲ್ ಮಾರ್ಕೆಟ್ಟಿನ ಮೂಲೆ, ಅದರ ಬಲ ಅಂಚಿಗೆ ಸೇಂಟ್ ಮೇರಿ ಬೆಸಿಲಿಕಾದ ಗೋಪುರ ಅರ್ಧ ಇಣುಕಿದೆ ಎಂದುಕೊಳ್ಳಿ. ನಿಮಗೆ ಗೋಪುರ ಅದಕ್ಕಿಂತ ಹೆಚ್ಚು ಕಂಡರೆ ಬಲಕ್ಕೆ ಬಂದಿದ್ದೀರಿ, ಎಡಕ್ಕೆ ಸರಿಯಿರಿ. ಆಮೇಲೆ ಹಿಂದು ಮುಂದು. ಪ್ರಿಂಟಿನ ಮೇಲೆ ಸ್ಕೇಲಿಟ್ಟು ಗೋಪುರಕ್ಕೂ ಮೂಲೆಗೂ ಎತ್ತರದ ಅನುಪಾತ ತೆಗೆಯಿರಿ. ಫೋನಿನಲ್ಲಿ ಗೋಪುರದ ಮುಂದೆ ಮೂಲೆ ಪ್ರಿಂಟಿನಲ್ಲಿದ್ದುದಕ್ಕಿಂತ ದೊಡ್ಡದೆನಿಸಿದರೆ ಹಿಂದಕ್ಕೆ ಹೋಗಿ. ಜೂಮ್ ಮಾಡಿ ಸರಿಪಡಿಸುತ್ತೇನೆ ಅಂದರೆ ಆಗದು. ಜೂಮ್ ಎರಡನ್ನೂ ಒಂದೇ ಸಮ ಹಿಗ್ಗಿಸುತ್ತದೆ. ವೈಡ್ ಲೆನ್ಸ್ ಮುಟ್ಟಲೇಬೇಡಿ, ಅಂಚಿನ ಕಟ್ಟಡಗಳೆಲ್ಲ ಸೊಟ್ಟಗಾಗುತ್ತವೆ. ಕೊನೆಗೆ ಎತ್ತರ: ಸಮತಟ್ಟು ರಸ್ತೆಯಲ್ಲಿ ಹತ್ತಿರದವರ ತಲೆ ದೂರದವರ ತಲೆಗಿಂತ ಕೆಳಗಿದ್ದರೆ, ಆ ಫೋಟೊ ಮಹಡಿಯಿಂದಲೋ ಗಾಡಿಯ ಮೇಲಿಂದಲೋ ತೆಗೆದದ್ದು. ಹಳೆಯ ಜಾಗದಲ್ಲಿ ಈಗ ಫ್ಲೈಓವರ್ ಕಂಬವಿದ್ದರೆ ಎಷ್ಟು ಸರಿದಿರೆಂದು ಬರೆದಿಟ್ಟುಕೊಳ್ಳಿ, ಮುಚ್ಚಿಡಬೇಡಿ.

ಕ್ಲಿಕ್ಕಿಸುವುದಕ್ಕೆ ಅರೆ ನಿಮಿಷ. ಆದರೆ ಮಾರುಕಟ್ಟೆ ಬೆಳಗಿಗೊಂದು ಸಂಜೆಗೊಂದು. ಎರಡು ಹೊತ್ತೂ ತೆಗೆಯಿರಿ. ಜನರ ಮುಖ ಕಾಣುವಂತಿದ್ದರೆ ಕೇಳಿಯೇ ತೆಗೆಯಿರಿ.

ಹಳೆಯದರಲ್ಲಿ ಬೀದಿ ಖಾಲಿ ಕಂಡಿತೆಂದು ಜನವೇ ಇರಲಿಲ್ಲ ಎಂದು ಬರೆದುಬಿಡಬೇಡಿ. 19ನೇ ಶತಮಾನದಲ್ಲಿ ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಪ್ಲೇಟುಗಳಲ್ಲಿ ಎಷ್ಟೋ ಪ್ಲೇಟುಗಳಿಗೆ ಸೆಕೆಂಡುಗಟ್ಟಲೆ ಬೆಳಕು ಬೇಕಿತ್ತು, ಓಡಾಡುವವರು ಮಸುಕಾಗಿ ಮಾಯ.

ಹಳೇ ಫೋಟೊ, ಹೊಸ ಫೋಟೊ ಎರಡನ್ನೂ ಪ್ರಿಂಟ್ ಹಾಕಿಸಿ ಆ ಬೀದಿಯ ಹಳೇ ವ್ಯಾಪಾರಿಗಳ ಕೈಗೆ ಕೊಡಿ. ಫೋನಿನಲ್ಲಿ ತೋರಿಸಿದರೆ ಕೆಲಸ ಕೆಡುತ್ತದೆ, ಮಾತಿನ ನಡುವೆ ಕರೆ ಬರುತ್ತದೆ. ‘ಇದು ಬದಲಾಗಿದೆ ಅಲ್ವಾ?’ ಎಂದು ನೀವೇ ಉತ್ತರ ಬಾಯಿಗಿಡಬೇಡಿ. ‘ಇದರಲ್ಲಿ ಏನು ಕಾಣುತ್ತೆ ಯಜಮಾನ್ರೇ?’ ಎಂದು ಕೇಳಿ ಸುಮ್ಮನಿರಿ. ಅವರು ಯಾವ ಮೂಲೆಗೆ ಮೊದಲು ಬೆರಳಿಟ್ಟರು ಎಂಬುದನ್ನೂ ಬರೆದುಕೊಳ್ಳಿ.