ಸ್ಪೂಲ್ ಟೇಪಿನ ದನಿ ಉಳಿಸಿಕೊಳ್ಳುವ ಬಗೆ

ಹಳೆಯ ಸ್ಪೂಲ್ ಟೇಪ್ ರೆಕಾರ್ಡರ್ ಅಟ್ಟದಿಂದ ಇಳಿಸಿದ ಕೂಡಲೇ, ಹಿರಿಯರ ದನಿ ಕೇಳುವ ಆಸೆಗೆ ಟೇಪ್ ಏರಿಸಿ ಗುಂಡಿ ಒತ್ತಬೇಡಿ. ದಶಕಗಟ್ಟಲೆ ಸುಮ್ಮನೆ ಕುಳಿತ ಟೇಪಿಗೆ ಒಂದು ಸಲ ಓಡುವಷ್ಟೇ ತ್ರಾಣ ಉಳಿದಿರಬಹುದು. ಆ ಓಟ ಕಂಪ್ಯೂಟರಿಗೆ ದಾಖಲಾಗುವ ಓಟವೇ ಆಗಲಿ.

ಮೊದಲು ಟೇಪಿನ ಜಾತಿ ನೋಡಿಕೊಳ್ಳಿ. ಸುರುಳಿಯನ್ನು ದೀಪಕ್ಕೆ ಅಡ್ಡ ಹಿಡಿದಾಗ ಸುತ್ತುಗಳ ನಡುವಿನಿಂದ ಬೆಳಕು ತೂರಿ ಬಂದರೆ ಅದು ಅಸಿಟೇಟ್. ಕಪ್ಪಗೆ ಕಂಡರೆ ಸಾಮಾನ್ಯವಾಗಿ ಪಾಲಿಯೆಸ್ಟರ್. ಅಸಿಟೇಟ್ ಒಣಗಿ ಪೆಡಸಾಗಿ ಪಟ್ಟನೆ ತುಂಡಾಗುತ್ತದೆ. ಹೆದರಬೇಕಿಲ್ಲ, ತುಂಡು ನೇರವಾಗಿರುವುದರಿಂದ ಸ್ಪ್ಲೈಸಿಂಗ್ ಟೇಪ್ (ತುಂಡಾದ ಟೇಪ್ ಜೋಡಿಸಲೆಂದೇ ಇರುವ ಅಂಟುಪಟ್ಟಿ) ಹಚ್ಚಿ ಜೋಡಿಸಬಹುದು. ಪಾಲಿಯೆಸ್ಟರ್ ಹಾಗಲ್ಲ, ಹರಿಯುವ ಮುನ್ನ ಹಿಗ್ಗುತ್ತದೆ. ಹಿಗ್ಗಿದ ಕಡೆಯ ದನಿ ಮತ್ತೆ ನೆಟ್ಟಗಾಗದು. ಸಾದಾ ಸೆಲ್ಲೋ ಟೇಪ್ ಮಾತ್ರ ಬಳಸಲೇಬೇಡಿ, ಅದರ ಅಂಟು ಒಸರಿ ಪಕ್ಕದ ಸುತ್ತುಗಳಿಗೆ ಹಿಡಿಯುತ್ತದೆ. ವಿನಿಗರ್ ವಾಸನೆ ಬಂದರೆ ಅಸಿಟೇಟ್ ಕೆಡತೊಡಗಿದೆ ಎಂದೇ ಅರ್ಥ. ಅದನ್ನು ಬೇರೆ ಇಟ್ಟು, ಮೊದಲ ಸರದಿ ಅದಕ್ಕೇ ಕೊಡಿ.

ಯಂತ್ರದಲ್ಲಿ ಟೇಪಿನ ದನಿ ಓದುವ ಹೆಡ್, ಟೇಪಿಗೆ ದಾರಿ ತೋರುವ ಗೈಡ್, ಟೇಪನ್ನು ಎಳೆಯುವ ಲೋಹದ ಕಡ್ಡಿಯಾದ ಕ್ಯಾಪ್‌ಸ್ಟನ್‌ಗಳನ್ನು 99% ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ, ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಒರೆಸಿ. ಟೇಪನ್ನು ಆ ಕಡ್ಡಿಗೆ ಒತ್ತಿ ಹಿಡಿಯುವ ರಬ್ಬರಿನ ಪಿಂಚ್ ರೋಲರಿಗೆ ಆಲ್ಕೋಹಾಲ್ ಬೇಡ, ಅದರಿಂದ ರಬ್ಬರ್ ಒಣಗಿ ಗಟ್ಟಿಯಾಗುತ್ತದೆ. ಸೋಪಿನ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆ ಸಾಕು. ಬೆಲ್ಟ್ ಸಡಿಲವಾಗಿದ್ದರೆ ಬದಲಿಸಿ, ಇಲ್ಲದಿದ್ದರೆ ದನಿ ತೇಲಾಡುತ್ತದೆ. ಎಲ್ಲ ಆದ ಮೇಲೆ ಬೇಡದ ಟೇಪೊಂದನ್ನು ಓಡಿಸಿ ಪರೀಕ್ಷಿಸಿ. ಕ್ಯಾಸೆಟ್ಟಿಗೆ ಇರುವಂತೆ ಅಳಿಸುವುದನ್ನು ತಡೆಯುವ ಹಲ್ಲು ಸ್ಪೂಲಿಗಿಲ್ಲ, ಹಾಗಾಗಿ ರೆಕಾರ್ಡ್ ಗುಂಡಿಯ ಹತ್ತಿರ ಕೈ ಹೋಗದಿರಲಿ.

ಟೇಪ್ ಕೀಚಲು ಸದ್ದು ಮಾಡಿ ಹೆಡ್ಡಿಗೆ ಅಂಟಿದರೆ ತಕ್ಷಣ ನಿಲ್ಲಿಸಿ. 1970 ಮತ್ತು 80ರ ದಶಕದ, ಹಿಂಬದಿಗೆ ಕಪ್ಪು ಲೇಪವಿರುವ ಕೆಲವು ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು (ಬಂಧಕ) ತೇವ ಹೀರಿ ಜಿಗುಟಾಗುತ್ತದೆ. ಬಲ್ಲವರು ಇದನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ತಾಸು ಅಥವಾ ಹೆಚ್ಚು ಹೊತ್ತು ಕಾಯಿಸಿ ಓಡುವಂತೆ ಮಾಡುತ್ತಾರೆ. ಅಡುಗೆಮನೆಯ ಓವನ್ನಿನಲ್ಲಿ ಶಾಖ ಅಷ್ಟು ಹದವಾಗಿ ನಿಲ್ಲದು. ಅಸಿಟೇಟನ್ನಂತೂ ಕಾಯಿಸಲೇಬಾರದು.

ವೇಗ ಸೆಕೆಂಡಿಗೆ 19 ಸೆಂ.ಮೀ. ಇದ್ದರೆ 7 ಇಂಚಿನ ಸ್ಪೂಲಿನ 1,200 ಅಡಿ ಟೇಪ್ ಸುಮಾರು 32 ನಿಮಿಷ ಬರುತ್ತದೆ, 9.5 ಸೆಂ.ಮೀ. ಇದ್ದರೆ 64. ದನಿಯ ಜೊತೆಗೆ ಇನ್ನೊಂದು ದನಿ ತಿರುಗುಮುರುಗಾಗಿ ಕೇಳಿಸಿದರೆ ನಿಮ್ಮ ಹೆಡ್ಡಿಗೂ ಆ ಟೇಪಿನ ಟ್ರ್ಯಾಕುಗಳಿಗೂ (ದನಿ ದಾಖಲಾದ ಉದ್ದುದ್ದ ಪಟ್ಟೆಗಳಿಗೂ) ಹೊಂದಿಕೆಯಿಲ್ಲ, ಬೇರೆ ಯಂತ್ರ ಬೇಕು. ಯಂತ್ರದ ಲೈನ್ ಔಟ್ ಕಿಂಡಿಯಿಂದಲೇ ಕಂಪ್ಯೂಟರಿಗೆ ತಂತಿ ಎಳೆದು, 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ವೇವ್ ಕಡತವಾಗಿ ಉಳಿಸಿ. ಅತಿ ಜೋರು ದನಿಯೂ ದಾಖಲಿಸುವ ತಂತ್ರಾಂಶದ ಮೀಟರಿನಲ್ಲಿ ಮೈನಸ್ 6 ಡೆಸಿಬಲ್ ದಾಟದಿರಲಿ. ಗೊರಗೊರ ಸದ್ದು ತೆಗೆಯುವ ಕೆಲಸ ಪ್ರತಿಯ ಮೇಲೆ ಮಾತ್ರ.

ಕೊನೆಗೆ ಟೇಪನ್ನು ಹಿಂದಕ್ಕೆ ಸುತ್ತದೆ ಹಾಗೆಯೇ ಬಿಡಿ. ಆಡುವ ವೇಗದಲ್ಲಿ ಸುತ್ತಿದ ಸುರುಳಿ ಸಮನಾಗಿರುತ್ತದೆ. ಡಬ್ಬಿಯ ಮೇಲೆ ವೇಗ ಬರೆದು, ಸ್ಪೀಕರಿನಿಂದ ದೂರ, ನೆಟ್ಟಗೆ ನಿಲ್ಲಿಸಿಡಿ.