ಬಾತು ಏಳುವಾಗ, ಇಳಿಯುವಾಗ: ಮಾಗಡಿ ಕೆರೆಯಲ್ಲಿ ನನ್ನ ಅನುಭವ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಕ್ಕಿ ಫೋಟೊ ತೆಗೆಯಲು ಬರುವವರು ನನ್ನನ್ನು ಮೊದಲು ಕೇಳುವುದು ಲೆನ್ಸ್ ಬಗ್ಗೆ. ನಾನು ಮೊದಲು ನೋಡುವುದು ಗಾಳಿ.

ಬಾತುಗಳು ಏಳುವುದೂ ಇಳಿಯುವುದೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿ. ಎದುರು ಗಾಳಿ ಸಿಕ್ಕರೆ ಕಡಿಮೆ ಓಟದಲ್ಲೇ ಮೈ ಮೇಲೇಳುತ್ತದೆ. ಇಳಿಯುವಾಗ ಅದೇ ಗಾಳಿ ವೇಗ ತಗ್ಗಿಸುತ್ತದೆ. ನಮ್ಮ ಕಡೆ ಚಳಿಗಾಲದಲ್ಲಿ ಹೆಚ್ಚಾಗಿ ಮೂಡಗಾಳಿ. ಬೆಳಿಗ್ಗೆ ಸೂರ್ಯನೂ ಅದೇ ದಿಕ್ಕಿಗೆ. ಹಾಗಾಗಿ ನಾನು ಮೂಡಣ ದಂಡೆಯಲ್ಲಿ ಕೂರುತ್ತೇನೆ. ಬೆಳಕು ಬೆನ್ನಿಗೆ, ಹಕ್ಕಿಯ ಮುಖ ನನ್ನ ಕಡೆಗೆ.

ಎಲ್ಲ ಬಾತೂ ಒಂದೇ ಥರ ಏಳುವುದಿಲ್ಲ. ಸೂಜಿಬಾಲದ ಬಾತಿನಂಥವು ನೀರಿನ ಮೇಲ್ಭಾಗದಲ್ಲೇ ಮೇಯುತ್ತವೆ. ಇವು ರೆಕ್ಕೆಯಿಂದ ನೀರನ್ನು ಬಲವಾಗಿ ಒತ್ತಿ ಕುಂತಲ್ಲಿಂದಲೇ ಮೇಲಕ್ಕೆ ಚಿಮ್ಮುತ್ತವೆ. ಅದನ್ನು ಹಿಡಿಯಲು ಹಕ್ಕಿಯ ಮೇಲೆ ಫ್ರೇಮಿನಲ್ಲಿ ಜಾಗ ಬಿಡಬೇಕು. ಮುಳುಗಿ ಮೇಯುವ ಪೋಚಾರ್ಡ್ ಬಾತುಗಳಿಗೆ ಮೈತೂಕದ ಲೆಕ್ಕದಲ್ಲಿ ರೆಕ್ಕೆ ಚಿಕ್ಕದು, ಕಾಲು ತೀರಾ ಹಿಂದೆ. ಅವು ನೀರಿನ ಮೇಲೆ ಪಟಪಟನೆ ಓಡಿಯೇ ಏಳಬೇಕು. ಬಾತಿನ ಜಾತಿಯಲ್ಲದ ನಾಮದ ಕೋಳಿಯೂ ಹಾಗೆಯೇ. ಓಡುವ ಹಕ್ಕಿಗೆ ಮುಂದೆ ಜಾಗ ಬಿಡುತ್ತೇನೆ. ಶಟರ್ ಸೆಕೆಂಡಿನ 1/2000 ಇಟ್ಟರೆ ಚಿಮ್ಮುವ ಹನಿಗಳೂ ಸ್ಪಷ್ಟವಾಗಿ ಬರುತ್ತವೆ.

ನನಗೆ ತುಂಬಾ ಇಷ್ಟ ಇಳಿಯುವ ನೋಟ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹೊಲದಲ್ಲಿ ಮೇದು ಗುಂಪಾಗಿ ಕೆರೆಗೆ ಮರಳುತ್ತವೆ. ಎತ್ತರ ಬೇಗ ಇಳಿಸಬೇಕಾದಾಗ ಕೆಲವು ಒಮ್ಮೆಲೇ ಪಕ್ಕಕ್ಕೆ ಹೊರಳುತ್ತವೆ, ಕ್ಷಣಹೊತ್ತು ಮೈ ತಲೆಕೆಳಗೂ ಆಗುತ್ತದೆ. ಆದರೆ ಕುತ್ತಿಗೆ ತಿರುಚಿ ತಲೆಯನ್ನು ನೆಟ್ಟಗೇ ಇಟ್ಟುಕೊಳ್ಳುತ್ತವೆ! ನೀರು ಹತ್ತಿರವಾದಾಗ ರೆಕ್ಕೆ ಬಾಗಿಸಿ, ಬಾಲ ಅಗಲಿಸಿ, ಜಾಲಪಾದಗಳನ್ನು ಮುಂದಕ್ಕೆ ಚಾಚುತ್ತವೆ. ಬ್ರೇಕಿಲ್ಲದ ಸೈಕಲನ್ನು ಕಾಲೂರಿ ನಿಲ್ಲಿಸಿದ ಹಾಗೆ ಪಾದ ನೀರನ್ನು ಉಜ್ಜುತ್ತಾ ಹೋಗುತ್ತದೆ. ಆಮೇಲೆ ಎದೆ ಕೂರುತ್ತದೆ.

ಹೊಲದಲ್ಲಿ ಈ ಜಾರಾಟ ನಡೆಯದು. ಮಣ್ಣು ಜಾರಲು ಬಿಡುವುದಿಲ್ಲ ಅಲ್ವಾ? ವೇಗವನ್ನೆಲ್ಲ ಗಾಳಿಯಲ್ಲೇ ಕಳೆಯಬೇಕು. ಅದಕ್ಕೇ ನೆಲ ಮುಟ್ಟುವ ಮುಂಚೆ ಮೈಯನ್ನು ನೆಟ್ಟಗೆ ಎತ್ತಿ ಜೋರಾಗಿ ರೆಕ್ಕೆ ಬಡಿಯುತ್ತವೆ, ಇಳಿದ ಮೇಲೆ ನಾಲ್ಕು ಹೆಜ್ಜೆ ಓಡುತ್ತವೆ.

ಏಳುವ ಫೋಟೊಗಾಗಿ ಸುಮ್ನೆ ಕಲ್ಲೆಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ ಇದು. ಹೆದರಿ ಏಳುವ ಪ್ರತಿ ಸಲವೂ ಮೇದು ಗಳಿಸಿದ ಶಕ್ತಿ ಹಾಳು. ಸುಮ್ಮನೆ ಕಾಯಿರಿ. ಹೆಬ್ಬಾತುಗಳ ಗುಂಪು ಏಳುವ ಮುಂಚೆ ಕೂಗು ಜಾಸ್ತಿಯಾಗುತ್ತದೆ, ಕುತ್ತಿಗೆ ನಿಮಿರುತ್ತದೆ, ತಲೆ ಕೊಡವುತ್ತವೆ. ಆಗ ಬೆರಳನ್ನು ಗುಂಡಿಯ ಮೇಲೆ ಇಡಿ.