ಪಿಂಕ್ ಫ್ಲಾಯ್ಡ್ ಮತ್ತು ಆ 741 ವಾರ

ಕಾಲೇಜು ಹುಡುಗರಿಗೆ ಕ್ವಿಜ್ ನಡೆಸುವುದು ನನ್ನ ಹಳೇ ಹುಚ್ಚು. ಒಮ್ಮೆ ಸಂಗೀತದ ಸುತ್ತಿನಲ್ಲಿ ಹೀಗೆ ಕೇಳಿದೆ: "ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ವಾರದ ಆಲ್ಬಂ ಪಟ್ಟಿಯಲ್ಲಿ 741 ವಾರ ನಂಬರ್ ಒನ್ ಆಗಿದ್ದ ಆಲ್ಬಂ ಯಾವುದು?" ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಎಂದು ಮೂರು ತಂಡಗಳು ಬರೆದವು. ಮೂರಕ್ಕೂ ಅಂಕ ಕೊಟ್ಟೆ. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. "ಸರ್, 741 ವಾರ ಅಂದ್ರೆ ಹದಿನಾಲ್ಕು ವರ್ಷ. ಅಷ್ಟು ವರ್ಷ ಇವರೇ ಮೇಲೆ ಕೂತಿದ್ರೆ ಮೈಕಲ್ ಜಾಕ್ಸನ್ ಎಲ್ಲಿ ಕೂತಿದ್ದ?"

ಹಾಲ್ ತುಂಬ ನಗು. ನನಗೆ ಬೆವರು.

ಹುಡುಗ ಹೇಳಿದ್ದು ಸರಿ. ಜಾಕ್ಸನ್‌ನ 'ಥ್ರಿಲ್ಲರ್' 1983-84ರಲ್ಲಿ ಒಟ್ಟು 37 ವಾರ ನಂಬರ್ ಒನ್ ಆಗಿತ್ತು. ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂರುವುದಕ್ಕೆ ಆಗಲ್ಲ, ಅಲ್ವಾ? ಮನೆಗೆ ಬಂದು ಬಿಲ್‌ಬೋರ್ಡ್‌ನ ಪಟ್ಟಿಯನ್ನೇ ತೆಗೆದು ನೋಡಿದೆ. 'ಡಾರ್ಕ್ ಸೈಡ್' ಅಲ್ಲಿ ನಂಬರ್ ಒನ್ ಆಗಿದ್ದು ಒಂದೇ ಒಂದು ವಾರ, 1973ರ ಏಪ್ರಿಲ್ ಕೊನೆಯಲ್ಲಿ. 741 ಎಂಬುದೂ ಸುಳ್ಳಲ್ಲ. 1973ರಿಂದ 1988ರವರೆಗೆ ಅದು ಒಟ್ಟು ಅಷ್ಟು ವಾರ 200 ಆಲ್ಬಂಗಳ ಪಟ್ಟಿಯೊಳಗೆ ಇತ್ತು. ಎಷ್ಟೋ ವಾರ ಕೆಳಗೆಲ್ಲೋ ನೇತಾಡುತ್ತಿತ್ತು, ಅಷ್ಟೇ. 'ಪಟ್ಟಿಯಲ್ಲಿ' ಎಂಬ ಮಾತು ಯಾರ ಕೈಯಲ್ಲೋ 'ಪಟ್ಟಿಯ ತುದಿಯಲ್ಲಿ' ಎಂದಾಗಿತ್ತು.

ನಾನೇನು ಪರೀಕ್ಷಿಸದೆ ಕೇಳಿದವನಲ್ಲ. ಐದು ಕಡೆ ನೋಡಿದ್ದೆ. ಆ ಐದನ್ನೂ ಮತ್ತೆ ತೆರೆದು ಪಕ್ಕಪಕ್ಕ ಇಟ್ಟೆ. ಐದರಲ್ಲೂ ಅದೇ ವಾಕ್ಯ, ಅದೇ ಕಡೆ ಅದೇ ಕಾಗುಣಿತದ ತಪ್ಪು. ಒಬ್ಬ ಬರೆದಿದ್ದನ್ನು ನಾಲ್ವರು ಎತ್ತಿಕೊಂಡಿದ್ದರು. ಐದು ಸಾಕ್ಷಿ ಎಂದು ನಾನು ಎಣಿಸಿದ್ದು ನಿಜವಾಗಿ ಒಂದೇ.

ಅವಮಾನ ದೊಡ್ಡ ಮೇಷ್ಟ್ರು. ಮುಂದಿನ ಸಲ ಇಡೀ ಸುತ್ತನ್ನೇ ಪಿಂಕ್ ಫ್ಲಾಯ್ಡ್ ಮೇಲೆ ಮಾಡುತ್ತೇನೆ ಎಂದು ಹಟ ಹಿಡಿದೆ.

ಮೊದಲು ಹೆಸರಿನ ಕಥೆ. ತಂಡ ಕಟ್ಟಿದವರಲ್ಲಿ ಒಬ್ಬನಾದ ಸಿಡ್ ಬ್ಯಾರೆಟ್ ಸಾಕಿದ್ದ ಎರಡು ಬೆಕ್ಕುಗಳ ಹೆಸರು ಪಿಂಕ್ ಮತ್ತು ಫ್ಲಾಯ್ಡ್ ಎಂದು ಒಂದು ಕಡೆ. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಅಮೆರಿಕದ ಇಬ್ಬರು ಬ್ಲೂಸ್ ಗಾಯಕರ ರೆಕಾರ್ಡುಗಳು ಅವನ ಹತ್ತಿರ ಇದ್ದವು ಎಂದು ಇನ್ನೊಂದು ಕಡೆ. ಬೆಕ್ಕಿನ ಕಥೆ ಸುಮ್ನೆ ಕಥೆ. ಎರಡನೆಯದು ಅರ್ಧ ಸರಿ. ಬ್ಲೈಂಡ್ ಬಾಯ್ ಫುಲ್ಲರ್ ಎಂಬ ಬೇರೊಬ್ಬ ಗಾಯಕನ ಎಲ್‌ಪಿಯ ಕವರಿನ ಹಿಂದೆ ಬ್ಲೂಸ್ ಇತಿಹಾಸಕಾರ ಪಾಲ್ ಆಲಿವರ್ ಒಂದು ಟಿಪ್ಪಣಿ ಬರೆದಿದ್ದರು. ಅದರ ಒಂದು ವಾಕ್ಯದಲ್ಲಿ ಈ ಇಬ್ಬರ ಹೆಸರೂ ಪಕ್ಕಪಕ್ಕ ಬರುತ್ತದೆ. ಬ್ಯಾರೆಟ್ ಕಣ್ಣಿಗೆ ಬಿದ್ದದ್ದು ಅದು. ಆ ಕವರಿನ ಫೋಟೋ ಹುಡುಕಿ, ದೊಡ್ಡದು ಮಾಡಿ, ವಾಕ್ಯವನ್ನು ನಾನೇ ಓದಿದ ಮೇಲೆ ಪ್ರಶ್ನೆ ಬರೆದೆ.

ಇದರಿಂದ ನನಗೆ ಸ್ವಲ್ಪ ಜಂಬ ಬಂತು. ಕವರ್ ನೋಡಿದರೆ ಮುಗಿಯಿತು, ಉಳಿದಿದ್ದೆಲ್ಲ ಬೊಗಳೆ ಎಂದುಕೊಂಡೆ. ಆ ಜಂಬ ಇಳಿಸಿದ್ದು 'ದಿ ಗ್ರೇಟ್ ಗಿಗ್ ಇನ್ ದ ಸ್ಕೈ'.

'ಡಾರ್ಕ್ ಸೈಡ್' ಕೇಳಿದವರಿಗೆ ಗೊತ್ತು, ಇದರಲ್ಲಿ ಸಾಹಿತ್ಯ ಇಲ್ಲ. ಒಬ್ಬ ಹೆಂಗಸು ಮಾತೇ ಇಲ್ಲದೆ ಬರೀ ದನಿಯಲ್ಲಿ ಅಳುತ್ತಾಳೆ, ಕೂಗುತ್ತಾಳೆ, ಕೊನೆಗೆ ಸಮಾಧಾನವಾಗುತ್ತಾಳೆ. ಹಾಡಿದವರು ಕ್ಲೇರ್ ಟೋರಿ. ರಚನೆ ಯಾರದು? ನಮ್ಮ ಮಾವ ಎಂಬತ್ತರ ದಶಕದಲ್ಲಿ ಕೊಂಡ ಎಲ್‌ಪಿ ನನ್ನ ಹತ್ತಿರ ಇದೆ. ಅದರಲ್ಲಿ ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಹೆಸರು ಮಾತ್ರ ಇದೆ. ನೆಟ್‌ನಲ್ಲಿ ನೋಡಿದರೆ 'ರೈಟ್, ಟೋರಿ' ಎಂದು ಇಬ್ಬರು. ನೋಡಿ ಮತ್ತೆ ತಪ್ಪು ಬರೆದಿದ್ದಾರೆ ಎಂದು ಖುಷಿಯಿಂದ ಗುರುತು ಹಾಕಿಕೊಂಡೆ.

ತಪ್ಪು ನನ್ನದೇ. ಟೋರಿ 1973ರ ಜನವರಿಯ ಒಂದು ಭಾನುವಾರ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋಗೆ ಬಂದು ಹಾಡಿದರು. ಸಿಕ್ಕಿದ್ದು 30 ಪೌಂಡ್. ಅದೂ ಭಾನುವಾರ ಎಂದು ಡಬಲ್ ಕೂಲಿ. ಹೀಗೇ ಹಾಡು ಎಂದು ಯಾರೂ ರಾಗ ಬರೆದು ಕೊಟ್ಟಿರಲಿಲ್ಲ. 2004ರಲ್ಲಿ ಅವರು ಕೋರ್ಟಿಗೆ ಹೋದರು. ಆ ದನಿಯ ರಚನೆ ತನ್ನದೂ ಹೌದು ಎಂದು ವಾದ. 2005ರಲ್ಲಿ ರಾಜಿ ಆಯಿತು. ಆಮೇಲೆ ಬಂದ ಪ್ರತಿಗಳಲ್ಲಿ ಇಬ್ಬರ ಹೆಸರೂ ಇದೆ. ಮಾವನ ಎಲ್‌ಪಿ ಸುಳ್ಳು ಹೇಳುತ್ತಿರಲಿಲ್ಲ, ಅದಕ್ಕೆ ವಯಸ್ಸಾಗಿತ್ತು. ಅವತ್ತಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಉತ್ತರದ ಮುಂದೆ 'ಯಾವ ವರ್ಷದ ಮಾತು' ಎಂದು ಬರೆಯುತ್ತೇನೆ. ಪ್ರಶ್ನೆಯಲ್ಲೂ "1973ರ ಪ್ರತಿಯಲ್ಲಿ ಇಲ್ಲದ, ಈಗಿನ ಪ್ರತಿಯಲ್ಲಿ ಇರುವ ಹೆಸರು ಯಾರದು?" ಎಂದೇ ಕೇಳಿದೆ. ಆ ಸುತ್ತಿನ ಒಳ್ಳೇ ಪ್ರಶ್ನೆ ಅದೇ ಆಯಿತು.

'ವಿಝರ್ಡ್ ಆಫ್ ಆಝ್' ಸಿನಿಮಾಕ್ಕೆ ಹೊಂದುವಂತೆ ಈ ಆಲ್ಬಂ ಮಾಡಿದರಂತೆ ಎಂಬುದಕ್ಕೆ ಜಾಸ್ತಿ ಹೊತ್ತು ಕೊಡಲಿಲ್ಲ. ರೆಕಾರ್ಡಿಂಗ್ ನಡೆದದ್ದು 1972-73ರಲ್ಲಿ. ಸ್ಟುಡಿಯೋದಲ್ಲಿ ಸಿನಿಮಾ ಓಡಿಸಿ ನೋಡುವ ಏರ್ಪಾಡೇ ಇರಲಿಲ್ಲ ಎಂದು ಸೌಂಡ್ ಎಂಜಿನಿಯರ್ ಆ್ಯಲನ್ ಪಾರ್ಸನ್ಸ್ ಹೇಳಿದ್ದಾರೆ. ಸಾಕು.

ಕಷ್ಟ ಆಗಿದ್ದು ಬ್ಯಾರೆಟ್ ಬಂದ ದಿನದ್ದು. ತಂಡ ಬಿಟ್ಟು ಏಳು ವರ್ಷ ಆದ ಮೇಲೆ, 1975ರ ಜೂನ್‌ನಲ್ಲಿ, ಅವನು ಆ್ಯಬಿ ರೋಡ್‌ಗೆ ಬಂದ. ತಲೆ ಬೋಳು, ಹುಬ್ಬೂ ಇಲ್ಲ, ಮೈ ತುಂಬಿಕೊಂಡಿದೆ. ಒಳಗೆ ಅವನನ್ನೇ ನೆನೆದು ಮಾಡಿದ ಹಾಡಿನ ಕೆಲಸ ನಡೆದಿದೆ. ಹಳೇ ಗೆಳೆಯರಿಗೇ ಗುರುತು ಸಿಗಲಿಲ್ಲ. ಇಷ್ಟರಲ್ಲಿ ಎಲ್ಲರ ಮಾತೂ ಒಂದೇ. ಅವತ್ತೇ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮರ್ ಮದುವೆಯ ಪಾರ್ಟಿ ಇತ್ತೇ, ಬ್ಯಾರೆಟ್ ಎಷ್ಟು ಹೊತ್ತು ಇದ್ದ, ಮತ್ತೆ ಬಂದನೇ ಎಂದು ಕೇಳಿದರೆ ಅಲ್ಲೇ ಇದ್ದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮ ಮನೆ ಮದುವೆಯ ವಿಡಿಯೋ ಇಲ್ಲದಿದ್ದರೆ ನಾವೂ ಹಾಗೇ ಜಗಳ ಆಡುತ್ತಿದ್ದೆವು. ಒಪ್ಪಿದ ಭಾಗವನ್ನಷ್ಟೇ ಪ್ರಶ್ನೆ ಮಾಡಿದೆ, ಮದುವೆ ಬಿಟ್ಟೆ.

ಕೊನೆಗೆ ಉಳಿದಿದ್ದು ನಮ್ಮೂರಿನದು. 2002ರಲ್ಲಿ ಪಿಂಕ್ ಫ್ಲಾಯ್ಡ್ ಬೆಂಗಳೂರಿಗೆ ಬಂದಿತ್ತು ಎಂದು ಎಷ್ಟೋ ಕಡೆ ಓದಿದ್ದೆ. ಮಾವ ಅಂತೂ ನಾನೇ ನೋಡಿದ್ದೀನಿ ಎಂದು ಪ್ರತಿ ಹಬ್ಬದಲ್ಲೂ ಹೇಳುತ್ತಾರೆ. ವರ್ಷಗಳನ್ನು ಸಾಲಾಗಿ ಬರೆದೆ. ರಾಜರ್ ವಾಟರ್ಸ್ ತಂಡ ಬಿಟ್ಟದ್ದು 1985. ಅವರು, ಗಿಲ್ಮರ್, ರೈಟ್, ನಿಕ್ ಮೇಸನ್ ನಾಲ್ವರೂ ಒಟ್ಟಿಗೆ ವೇದಿಕೆ ಹತ್ತಿದ್ದು 1981ರಲ್ಲಿ, ಬಿಟ್ಟರೆ 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ. ನಡುವೆ ಬೆಂಗಳೂರಿಗೆ ಜಾಗವೇ ಇಲ್ಲ. ಇಲ್ಲಿಗೆ ಬಂದಿದ್ದು ವಾಟರ್ಸ್, ತಮ್ಮದೇ ವಾದ್ಯಗಾರರ ಜೊತೆ.

ಮಾವನಿಗೆ ಫೋನ್ ಮಾಡಿದೆ. "ಟಿಕೆಟ್ ಇಟ್ಕೊಂಡಿದ್ದೀರಾ?" ಬೀರು ತೆಗೆದ ಸದ್ದು ಕೇಳಿಸಿತು. ಹತ್ತು ನಿಮಿಷ ಆದ ಮೇಲೆ ಫೋಟೋ ಬಂತು. ಮಾಸಿದ ಚೀಟಿಯ ಮೇಲೆ ಸ್ಪಷ್ಟವಾಗಿ ರಾಜರ್ ವಾಟರ್ಸ್ ಎಂದಿತ್ತು.

"ನೋಡಿ ಮಾವ, ಎಲ್ಲೂ ಪಿಂಕ್ ಫ್ಲಾಯ್ಡ್ ಅಂತ ಇಲ್ಲ" ಎಂದೆ.

"ಅದು ಪ್ರಿಂಟ್ ಮಾಡಿದವನ ತಪ್ಪು ಕಣೋ" ಎಂದರು.